ಪಡದೆ ಹಿಂದಿನ ಮೈಕು

ಶಹಾಪುರದ ಮಕ್ತುಂಬಿಗೆ ಅವತ್ತ ಮುಂಜಾನಿಂದ ನೆಲದ ಮ್ಯಾಲ ಕಾಲ ನಿಲ್ಲವಲ್ದು. ಹ್ಯಾಂಗ ನಿಲ್ತಾವ ಹೇಳ್ರಿ? ಸಂಜಿಗೆ ಶಾದಿಮಹಲಿನ್ಯಾಗ ಆಕಿ ಪಿಚ್ಚರ್ ಇತ್ತು. ಆಕಿ ನೋಡೂ ಪಿಚ್ಚರ್ ಅಲ್ಲ, ಆಕೀನ ಇರೂ ಪಿಚ್ಚರ್. ಮಾನವ ಹಕ್ಕುಗಳ ಚಿತ್ರೋತ್ಸವ ಅಂತ, ಯಾದಗಿರಿ ಮುಗಿಸಿ ಶಹಾಪುರಕ್ಕ ಬಂದಿತ್ತು, ಮರುದಿನ ಸುರಪುರಕ್ಕ ಹೋಗೂದಿತ್ತು. ಹೀರೋ ಇಲ್ಲ, ಹಾಡಿಲ್ಲ. ಖರೇ ಮಂದಿ, ಖರೇ ಬದುಕು, ಮುಗಿದ ಮ್ಯಾಲ ಮೈಕ್ ಹಿಡದು ಚರ್ಚಾ. "ಹಾಡಿಲ್ಲದ ಪಿಚ್ಚರ್ ಯಾರ ನೋಡ್ತಾರ?" ಅಂತ ಗಂಡ ಅಬ್ದುಲ್ ಕರೀಮ ಚಾಷ್ಟಿ ಮಾಡಿದ. "ನಿಕಾ ಆದಾಗಿಂದ ನಿಮ್ಮನ್ನ ನೋಡಾಕತ್ತೇನಿ, ಅದರಾಗೇನು ಹಾಡಿತ್ತೇನು?" ಅಂತ ಮಕ್ತುಂಬಿ ಅವನ ಬಾಯಿ ಮುಚ್ಚಿಸಿದ್ಳು.

ಗೋಗಿಯಾಗ ಹುಟ್ಟಿದಾಕಿ, ಕಲಾಯಿ ಹಾಕೂ ಕರೀಮನ ಕೈ ಹಿಡದು ಶಹಾಪುರಕ್ಕ ಬಂದ್ಳು. ಮಂದಿ ಮನ್ಯಾಗ ತಾಮ್ರದ ಪಾತ್ರಿ ಕಾಣದಂಗಾದ್ವು, ಕರೀಮನ ಕೆಲಸಾನೂ ಹಂಗ ಹೋತು. ಅವಾಗಿಂದ ಮಕ್ತುಂಬಿ ಹತ್ತಿ ಗಿರಣ್ಯಾಗ ಕುಂತು, ಕಸ, ಹಳದಿ ಹತ್ತಿ ಆರಿಸಿ ತಗದು ಮಕ್ಕಳನ್ನ ದೊಡ್ಡವ್ರನ್ನ ಮಾಡ್ಯಾಳ. ಬಾಯಿ ಜೋರು, ಓಣ್ಯಾಗ ಯಾರನ್ನ ಕೇಳಿದ್ರೂ ಅದನ್ನ ಹೇಳ್ತಾರ.

ಆ ಗಿರಣ್ಯಾಗ ಹೆಣ್ಮಕ್ಕಳಿಗೆ ಪಾಯಿಖಾನಿ ಇದ್ದಿಲ್ಲ. ಕೆಲಸಕ್ಕ ಬಂದ್ರ ಸಂಜಿತನ ಯಾರೂ ನೀರ ಮುಟ್ತಿದ್ದಿಲ್ಲ, ಕುಡದು ಹೋಗೂದೆಲ್ಲಿ? ಸುರಪುರದ ದುರ್ಗಾ ಅನ್ನೂ ಹುಡುಗಿ ಕ್ಯಾಮೆರಾ ಹಿಡದು ಬಂದಾಗ ಉಳಿದವ್ರೆಲ್ಲ ಸೆರಗ ಎಳಕೊಂಡ್ರು, ಮಕ್ತುಂಬಿ ಒಬ್ಬಾಕೀನ ಎಲ್ಲ ಹೇಳಿದ್ಳು. ಈಗ ಚರ್ಚಾಕ್ಕ ಕಾರ್ಮಿಕ ಇಲಾಖಿ ಸಾಹೇಬ್ರು ಬರಾವ್ರಿದ್ರು. "ನೀ ಒಬ್ಬಾಕಿ ಹೇಳಿದ್ರ ಸಾಲಂಗಿಲ್ಲ ಚಾಚಿ, ಇನ್ನೂ ಮಂದಿ ಬಾಯಿ ಬಿಡಬೇಕು. ಅವಾಗ ಅವ್ರು ಗಿರಣಿಗೆ ಬಂದು ನೋಡ್ತಾರ," ಅಂದಿದ್ಳು ದುರ್ಗಾ. ಹೆಣ್ಮಕ್ಕಳನ್ನ ಕೆಲಸಕ್ಕ ಕರಿಯಾವ, ಬಿಡಿಸಾವ ಎಲ್ಲ ಮುಕದ್ದಮ ದೇವಿಂದ್ರ. ಬಾಯಿ ಬಿಟ್ಟಾಕಿಗೆ ಕೆಲಸಿಲ್ಲ ಅಂತ ಅಂವ ಮೊದಲ ಹೇಳಿಬಿಟ್ಟಿದ್ದ. ಅಲ್ಲೇ ಎಲ್ಲಾರ ಧೈರ್ಯ ಸತ್ತಿತ್ತು.

ಇನ್ನ ನಮ್ಮ ಟೆಂಟ್‌ಹೌಸಿನ ಲಾಡ್ಲೇಸಾಬನ ಕತಿ ಕೇಳ್ರಿ. ಪಿಚ್ಚರ್ ತೋರ್ಸಾಕ ಬಿಳಿ ಪಡದೆ ಕಟ್ಟು ಅಂದ್ರ ಗ್ವಾಡಿಗೆ ಕಟ್ಟಬೇಕಿಲ್ಲೋ? ನಿಕಾ, ದಾವತ್ತಿಗೆ ಕಟ್ಟಿ ಕಟ್ಟಿ ರೂಢಿಯಾದ ಕೈ, ಹಾಲಿನ ನಟ್ಟನಡುವ ಕಟ್ಟಿ ಬೀಡಿ ಸೇದಾಕ ಹೋಗಿದ್ದ. ಈ ಕಡಿ ಗಂಡಸರು, ಆ ಕಡಿ ಹೆಂಗಸರು. ದುರ್ಗಾನ ಮಾರಿ ಕೆಂಪಾತು. "ಹಕ್ಕಿನ ಹಬ್ಬದಾಗ ಹೆಣ್ಮಕ್ಕಳನ್ನ ಹಿಂದ ಕುಂದ್ರಸೂದೇನ್ರಿ? ಬಿಚ್ರಿ ಅದನ್ನ." ಲಾಡ್ಲೇಸಾಬ ಗೊಣಕೋತ ಏಣಿ ಹತ್ತಾಕತ್ತಿದ್ದ. ಮಕ್ತುಂಬಿ ಅವನ ಅಂಗಿ ಹಿಡದು ಜಗ್ಗಿದ್ಳು.

"ಇರಲಿ ಬಿಡು. ಹಿಂದ ಕುಂತ್ರ ಯಾರ ಮಾತಾಡಿದ್ರು ಅಂತ ದೇವಿಂದ್ರಗ ಹ್ಯಾಂಗ ಗೊತ್ತಾಗ್ತದ?"

ದುರ್ಗಾ ಒಂದ್ ಗಳಿಗಿ ಆಕಿ ಮಾರಿ ನೋಡಿ ನಕ್ಕಬಿಟ್ಳು. ಪಡದೆ ಅಲ್ಲೇ ಉಳೀತು.

ಸುದ್ದಿ ಕೇಳಿ ಹೆಂಗಸರಿಗೆ ಜೀವ ಬಂತು. ನಾ ಮೊದಲ, ನೀ ಆಮ್ಯಾಲ ಅಂತ ಅವ್ರವ್ರಾಗ ಪಿಸಪಿಸ. ಮಕ್ತುಂಬಿಗಂತೂ ಹಬ್ಬದ ಹಿಗ್ಗು. ಅಷ್ಟರಾಗ ರೇಣಮ್ಮ ಬಂದು ಹಿಂದಿನ ಸಾಲಿನ್ಯಾಗ ಕುಂತ್ಳು. ಮುಕದ್ದಮ ದೇವಿಂದ್ರನ ಹೇಣ್ತಿ, ತಾನೂ ಅದೇ ಗಿರಣ್ಯಾಗ ಹತ್ತಿ ಆರಿಸಾಕಿ. ಪಡದೆ ಇದ್ರೇನು ಬಂತು? ದನಿ ಗುರ್ತ ಹಿಡದು ಗಂಡಗ ಹೇಳಾಕ ಬಂದಾಳ ಅಂತ ಎಲ್ಲಾರೂ ಗಪ್ಪಾದ್ರು.

ದೀಪ ಆರಿತು, ಪಿಚ್ಚರ್ ಸುರು ಆತು. ತೆಳು ಬಟ್ಟಿ, ಎರಡೂ ಕಡಿ ಕಾಣ್ತಿತ್ತು, ಹೆಂಗಸರ ಕಡಿ ಮಾತ್ರ ಉಲ್ಟಾ. "ಅಯ್ಯ, ನಾ ಎಡಗೈಲೆ ಹತ್ತಿ ಆರಸಾಕತ್ತೇನಲ್ಲ," ಅಂದ್ಳು ಮಕ್ತುಂಬಿ. ಗಪ್ಪಾಗಿದ್ದ ಹೆಂಗಸರು ನಕ್ಕಿದ್ದ ನಕ್ಕಿದ್ದು. ಆಮ್ಯಾಲ ಪಡದೆ ಮ್ಯಾಲಿನ ಮಕ್ತುಂಬಿ, "ರಂಜಾನದಾಗ ಒಂದ ತಿಂಗಳ ರೋಜಾ. ಗಿರಣ್ಯಾಗ ನೀರಿನ ರೋಜಾ ವರ್ಸಾಪೂರ್ತಿ, ನಮಗೂ, ನನ್ನ ಬಾಜೂಕ ಕುಂತು ಹತ್ತಿ ಆರಿಸೂ ಮಲ್ಲಿಕಮ್ಮಗೂ," ಅಂದ್ಳು. ಹಾಲಿನ್ಯಾಗಿನ ಮಂದಿ ಎಲ್ಲ ಮುಂದಕ್ಕ ಬಾಗಿ ಕುಂತ್ರು. ತನ್ನ ಮಾತು ಇಷ್ಟ ಮಂದಿ ಕಿವಿ ಕೊಟ್ಟು ಕೇಳ್ತಾರಂತ ಆಕಿ ಕನಸಿನ್ಯಾಗೂ ಅನಕೊಂಡಿದ್ದಿಲ್ಲ, ಎದಿ ತುಂಬಿ ಬಂತು.

ದೀಪ ಹತ್ತಿತು. "ಅಮ್ಮ ಹೇಳಿದ್ದು ಕೇಳೀನಿ," ಅಂದ್ರು ಸಾಹೇಬ್ರು. "ಉಳಿದವ್ರು ಏನಂತೀರಿ?"

ಅವ್ರ ಮಾತು ಮುಗಿಯೂದ್ರಾಗ ಗಂಡಸರ ಕಡಿ ದೇವಿಂದ್ರ ಎದ್ದು ಮೈಕ್ ಹಿಡದ. "ಒಬ್ಬಾಕಿ ಮಾತು ಅದು ಸಾಹೇಬ್ರ. ಗೋದಾಮಿನ ಹಿಂದ ಪಾಯಿಖಾನಿ ಅದರಿ. ಇಲ್ಲ ಅಂತ ಯಾರರ ಹೇಳ್ಲಿ ನೋಡೋಣು."

ಪಡದೆ ಹಿಂದ ಹೆಂಗಸರಿಗಂತ ಕೊಟ್ಟ ಮೈಕ್ ಮಕ್ತುಂಬಿ ಕೈಯಾಗಿತ್ತು. ಒಬ್ಬೊಬ್ಬರ ಮುಂದ ಹಿಡದ್ಳು. ಒಬ್ಬೊಬ್ಬರೂ ರೇಣಮ್ಮನ ಕಡಿ ನೋಡಿ ತಲಿ ಕೆಳಗ ಹಾಕಿದ್ರು. ಮಕ್ತುಂಬಿಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೆ ಅಳು ಬಂತು. ಊರ ಮುಂದ ಸುಳ್ಳಿ ಅನಿಸಿಕೊಂಡು ಮನಿಗೆ ಹೋಗಬೇಕಲ್ಲ.

ಅವಾಗ ಹಿಂದಿಂದ ಒಂದು ಕೈ ಬಂದು ಮೈಕ್ ಕಸಗೊಂತು. ರೇಣಮ್ಮ.

"ಮುಕದ್ದಮರ," ಅಂದ್ಳು. ಗಂಡನ ಹೆಸರ ಹಿಡದು ಕರಿಯೂ ಪದ್ಧತಿ ಆಕೀದಲ್ಲ. "ಪಾಯಿಖಾನಿ ಅದ ಅಂದ್ರಿ. ಹಂಗಿದ್ರ ದಿನ ತುಂಬಿದ ಬಸುರಿ ನನ್ನ ಜಾಲಿಗಿಡದ ಮರಿಗೆ ಯಾಕ ಕರ್ಕೊಂಡ ಹೋದ್ರಿ? ಲಾರಿ ಬಂದಾಗೊಮ್ಮಿ ಟವೆಲ್ ಅಡ್ಡ ಹಿಡದು ಯಾಕ ನಿಂತ್ರಿ? ಅವತ್ತ ನಿಮ್ಮ ಕಣ್ಣಾಗ ನೀರಿತ್ತು, ನಾ ನೋಡೀನಿ."

ಗಂಡಸರೆಲ್ಲ ದೇವಿಂದ್ರನ ಕಡಿ ಹೊಳ್ಳಿದ್ರು. ಅವನ ಕೈಯಾಗಿನ ಮೈಕ್ ಕೆಳಗಿಳೀತು. ಆಮ್ಯಾಲ ಅಂವನ ಅದನ್ನ ಬಾಯಿ ಹತ್ರ ಒಯ್ದ.

"ಸುಳ್ಳ ಹೇಳಿದ್ನಿರಿ ಸಾಹೇಬ್ರ. ಪಾಯಿಖಾನಿ ಇಲ್ಲ. ನನ್ನ ಹೇಣ್ತಿಗೂ ಇಲ್ಲ."

ಮುಂದಿಂದೇನು ಕೇಳ್ತೀರಿ! ನನಗ ಕೊಡು, ನನಗ ಕೊಡು ಅಂತ ಹೆಂಗಸರು ಮೈಕಿಗೆ ಮುಗಿಬಿದ್ರು. ಯಾರೂ ದನಿ ಮುಚ್ಚಿಕೊಳ್ಳಲಿಲ್ಲ, ಒಬ್ಬೊಬ್ಬರೂ ತಮ್ಮ ಹೆಸರ, ಓಣಿ ಹೇಳೇ ಸುರು ಮಾಡಿದ್ರು. ಮಕ್ತುಂಬಿ ತಾನೂ ಎರಡ ಮಾತ ಸೇರಸಬೇಕಂತ ಕೈ ಚಾಚಿದ್ರ, "ನೀ ಪಿಚ್ಚರ್‌ದಾಗ ಮಾತಾಡೀಯಲ್ಲ, ಈಗ ಸುಮ್ಮ ಕುಂದ್ರು," ಅಂತ ಮಲ್ಲಿಕಮ್ಮ ಹೆಗಲ ಹಿಡದು ಕುಂದ್ರಸಿದ್ಳು. ಸುಮ್ಮ ಕುಂದ್ರು ಅನಿಸಿಕೊಂಡು ಮಕ್ತುಂಬಿ ಖುಷಿಯಿಂದ ಕುಂತಿದ್ದು ಹುಟ್ಟಿದ ಮ್ಯಾಲ ಅದ ಮೊದಲು.