ಅರಿವಿ ಅಂಗಡಿಯ ರೇವಣಸಿದ್ಧ ಕಾಲೇಜಿಗೆ ಹೋದದ್ದು

ಉದಗೀರದ ನಡುಪೇಟೆಯಾದ ಚೌಬಾರಾದಲ್ಲಿ ಅರಿವಿ ಅಂಗಡಿ ಇಟ್ಟುಕೊಂಡಿದ್ದ ರೇವಣಸಿದ್ಧ ಮೂವತ್ತೈದು ದಾಟಿದ ಮೇಲೆ ಕಾಲೇಜಿಗೆ ಹೊರಟು ನಿಂತಾಗ ಊರಿನವರು ಮೊದಲು ನಗಲಿಲ್ಲ, ಗಾಬರಿಯಾದರು. ಎರಡು ಮಕ್ಕಳ ತಂದೆ, ಹಣೆ ತುಂಬ ವಿಭೂತಿ, ತಲೆಗೆ ರುಮಾಲು, ಸೋಲಾಪುರದಿಂದ ಬಟ್ಟೆಯ ಥಾನು ತರಿಸಿ ಮಾರುವ ಗೃಹಸ್ಥ. ಅಂಥವನಿಗೆ ಏನು ಬಂತು? ಪಿತ್ತ ನೆತ್ತಿಗೇರಿದೆ ಎಂದರು ಒಬ್ಬರು. ಪೊಲೀಸ್ ಆ್ಯಕ್ಷನ್ನಿನ ಗದ್ದಲದಲ್ಲಿ ಎಲ್ಲೋ ಅಂಜಿರಬೇಕು, ಈಗ ಹೊರಬರುತ್ತಿದೆ ಎಂದರು ಇನ್ನೊಬ್ಬರು. ಗದ್ದಲ ಮುಗಿದು ಆಗಲೇ ನಾಲ್ಕೈದು ವರ್ಷವಾಗಿತ್ತು, ಆದರೂ ಆ ದಿನಗಳಲ್ಲಿ ಯಾರಿಗೆ ಏನೇ ಆದರೂ ಅದರ ಮೇಲೆಯೇ ಹೊರಿಸುವ ರೂಢಿಯಿತ್ತು.

ಆಗಿದ್ದದ್ದು ಇಷ್ಟೇ. ಅಂಗಡಿಯಲ್ಲಿ ದಿಗಂಬರ ಎಂಬ ಹಿರಿಯ ಕೆಲಸಗಾರನಿದ್ದ. ರೇವಣಸಿದ್ಧನ ತಂದೆ ಮನ್ಮಥಪ್ಪನವರ ಕಾಲದಿಂದ ಇದ್ದವನು. ಹಳ್ಳಿಯ ಹೆಣ್ಣುಮಕ್ಕಳು ಬಂದರೆ ಅವರ ಮುಖ ನೋಡಿಯೇ ಯಾವ ಥಾನು ಬಿಚ್ಚಬೇಕೆಂದು ತಿಳಿಯುತ್ತಿದ್ದ. ಒಂದು ಸಲ ರೇವಣಸಿದ್ಧ ಖರೀದಿಗೆ ಸೋಲಾಪುರಕ್ಕೆ ಹೋಗಿದ್ದಾಗ ದಿಗಂಬರನ ಮಗಳ ಬಾಣಂತನ ಬಂತು. ಆತ ನಾಲ್ಕು ದಿನ ರಜೆ ಕೇಳಿದ. ಧಣಿಯ ಗಾದಿಯ ಮೇಲೆ ಕೂತಿದ್ದ, ರೇವಣಸಿದ್ಧನ ಚಿಕ್ಕಪ್ಪ, ಕಾಕಾ ವಿಶ್ವನಾಥಪ್ಪ ಗಿರಾಕಿಗಳ ಎದುರೇ, "ಹಡಿಯಾಕಿ ನಿನ್ನ ಮಗಳೋ, ನೀನೋ?" ಅಂದುಬಿಟ್ಟರು. ದಿಗಂಬರ ಕೈಯಲ್ಲಿದ್ದ ಅಳತೆಯ ಗಜವನ್ನು ಸಾವಕಾಶವಾಗಿ ಥಾನಿನ ಮೇಲಿಟ್ಟು ಹೋದ. ಬಾಣಂತನ ಮುಗಿಸಿ ಬಂದವನು ಎದುರಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಅವನ ಹಿಂದೆ ಅರ್ಧ ಗಿರಾಕಿಗಳೂ ರಸ್ತೆ ದಾಟಿದರು.

ಕಾಕಾ "ನಿಮಕಹರಾಮ" ಎಂದು ಬೈದು ಕೈತೊಳೆದುಕೊಂಡರು. ರೇವಣಸಿದ್ಧನಿಗೆ ಹಾಗಾಗಲಿಲ್ಲ. ದಿನವೂ ಎದುರಿಗೆ ದಿಗಂಬರ ಥಾನು ಬಿಚ್ಚುವುದನ್ನು ನೋಡುತ್ತ ಕೂಡುವುದು, ಹಲ್ಲಿನ ಸಂದಿಯಲ್ಲಿ ಸಿಕ್ಕ ಶೇಂಗಾದ ಸಿಪ್ಪೆಯ ಹಾಗೆ ಅವನನ್ನು ಕಾಡಿತು. ಅದೇ ಸುಮಾರಿಗೆ, ಅಂಗಡಿಗಳು ವಾರಕ್ಕೊಂದು ದಿನ ಮುಚ್ಚಬೇಕು, ಕೆಲಸದವರಿಗೆ ರಜೆ ಕೊಡಬೇಕು ಎಂಬ ಹೊಸ ಕಾಯ್ದೆ ತಿಳಿಸಲು ಒಬ್ಬ ಎಳೆಯ ಇನ್ಸ್‌ಪೆಕ್ಟರ್ ಬಂದ. ಕಾಕಾ ಅವನ ಜೊತೆ ಜಗಳಕ್ಕೇ ನಿಂತರು. ರೇವಣಸಿದ್ಧ ಮಾತ್ರ ಅವನಿಗೆ ಚಹಾ ತರಿಸಿ, ಇದನ್ನೆಲ್ಲ ಎಲ್ಲಿ ಕಲಿತಿರಿ ಎಂದು ಉರ್ದುವಿನಲ್ಲಿ ಕೇಳಿದ. ಹೈದರಾಬಾದಿನ ಯೂನಿವರ್ಸಿಟಿಯಲ್ಲಿ ಎಂದ ಇನ್ಸ್‌ಪೆಕ್ಟರ್. ಬಿ.ಕಾಂ.ನಲ್ಲಿ ದಂಧೆ ಕಟ್ಟುವ ರೀತಿಗೆ ಒಂದು ಪೇಪರು, ಮಂದಿಯನ್ನು ಇಟ್ಟುಕೊಂಡು ನಡೆಸುವ ರೀತಿಗೆ ಇನ್ನೊಂದು.

"ಮಂದಿನ್ನ ನಡಸೋದಕ್ಕೂ ಓದು ಅದ?" ರೇವಣಸಿದ್ಧ ಅಂದು ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದ. "ಗುಲಬರ್ಗಾದಾಗ ಇಂಟರ್ ಪಾಸ್ ಆಗೀನಲ್ಲ, ಅಪ್ಪ ತೀರಿ ಹೋಗದಿದ್ರ ಮುಂದ ಓದೇ ಓದ್ತಿದ್ನಿ. ಮಾಣಿಕಾ, ನಾ ಹೈದರಾಬಾದಿಗಿ ಹೋಗ್ತೀನಿ."

ಮಾಣಿಕಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಖರೀದಿಗಿ?"

"ಓದಲಾಕ."

ಆಕೆ ಗಂಡನ ಮುಖವನ್ನೊಮ್ಮೆ ನೋಡಿ, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ಅಂಗಡಿ ಕಾಕಾಗ ಬಿಟ್ರ ಉಳಿದ ಇಬ್ರು ಆಳೂ ಓಡಿ ಹೋಗ್ತಾರ. ನಾನೇ ಕೂಡ್ತೀನಿ ತಗೋರಿ."

ಅವಳು ನಿಲಂಗಾದ ಕಾಳಿನ ವ್ಯಾಪಾರಿಯ ಮಗಳು. ತೊಗರಿಯ ರಾಶಿ ಹತ್ತಿ ಇಳಿದು ಬೆಳೆದವಳು. ಅಂಗಡಿ ಅವಳಿಗೆ ಹೊಸದಲ್ಲ, ಗಾದಿ ಹೊಸದು. "ಮನೀ ಹೆಣ್ಮಗಳು ಚೌಬಾರಾದಾಗ ಕೂಡೋದಾ?" ಎಂದು ಕಾಕಾ ಹಾರಾಡಿದರು. ನಡುವೆ ಒಂದು ಪರದೆ ಕಟ್ಟುತ್ತೇವೆ ಎಂದು ಹೇಳಿ ಅವರನ್ನು ಸಮಾಧಾನ ಮಾಡಿದ್ದಾಯಿತು. ಖಡಕ್ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ ಕಟ್ಟಿಕೊಂಡು ರೇವಣಸಿದ್ಧ ರೈಲು ಹತ್ತಿದ. ಭಾಲ್ಕಿ ಬಂತು, ಬೀದರ ಬಂತು. ವಿಕಾರಾಬಾದ ಬರುವ ಹೊತ್ತಿಗೆ ಧೈರ್ಯ ಅರ್ಧಕ್ಕೆ ಇಳಿದಿತ್ತು. ಇಳಿದು ಊರ ಕಡೆಯ ಗಾಡಿಗೆ ಮರಳೋಣವೇ ಎಂದು ಎದ್ದೂ ನಿಂತನಂತೆ. ಆದರೆ ಊರಿಗೆ ಹೋಗಿ ಏನು ಹೇಳುವುದು? ಕೂತುಕೊಂಡ.

ಮೊದಲ ದಿನ ಅವನು ಕ್ಲಾಸಿನ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಹುಡುಗರೆಲ್ಲ ದಡಬಡ ಎದ್ದು ನಿಂತರು. ಇವನೂ ಬೆದರಿ, ಪ್ರೊಫೆಸರ್ ಸಾಹೇಬರು ಹಿಂದೆ ಬಂದರೇನೋ ಎಂದು ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಅವನು ಹೋಗಿ ಕೊನೆಯ ಬೆಂಚಿನಲ್ಲಿ ಕೂತ ಮೇಲೆಯೇ ಅವರಿಗೆ ತಿಳಿದದ್ದು. ಆ ನಗೆ ಇಡೀ ಓಣಿಗೆ ಕೇಳಿಸಿರಬೇಕು. ಅಂದಿನಿಂದ ಅವನು ಎಲ್ಲರಿಗೂ ಚಾಚಾ ಆದ. ಚಾಚಾನ ರೊಟ್ಟಿಯ ಗಂಟಿಗೆ ಹುಡುಗರು ಕಾಯುತ್ತಿದ್ದರು. ಪ್ರತಿಯಾಗಿ ಅವನಿಗೆ ಇಂಗ್ಲಿಷು ಹೇಳಿಕೊಡುತ್ತಿದ್ದರು. ಉರ್ದುವಿನಲ್ಲಿ ಶಾಯರಿಯನ್ನೇ ಹೇಳಬಲ್ಲ ಮನುಷ್ಯ ಇಂಗ್ಲಿಷಿನಲ್ಲಿ ಒಂದು ವಾಕ್ಯ ಮುಗಿಸುವಷ್ಟರಲ್ಲಿ ಬೆವರಿಳಿಸುತ್ತಿದ್ದ. ಬೇಗಂ ಬಜಾರಿನ ಬಾಡಿಗೆ ಕೋಣೆಯಲ್ಲಿ ಬೆಳಗ್ಗೆ ಲಿಂಗಪೂಜೆ ಮುಗಿಸಿ, ಅದೇ ಭಕ್ತಿಯಿಂದ ಸ್ಪೆಲಿಂಗು ಬಾಯಿಪಾಠ ಮಾಡುತ್ತಿದ್ದ.

ಆದರೆ ಆ ಎರಡು ಪೇಪರುಗಳ ಪಾಠವೆಂದರೆ ಅವನ ಕಿವಿ ನೆಟ್ಟಗಾಗುತ್ತಿತ್ತು. ಕಲಿಸುತ್ತಿದ್ದವರು ಒಬ್ಬ ಸಣ್ಣ ದನಿಯ ಪ್ರೊಫೆಸರರು. ಇಂಗ್ಲಿಷಿನಲ್ಲಿ ಶುರು ಮಾಡಿ ಬೇಕಾದಲ್ಲಿ ಹಿಂದುಸ್ತಾನಿಗೆ ಇಳಿಯುತ್ತಿದ್ದರು. ಒಂದು ದಿನ ಅವರು ಕೇಳಿದರು: "ಗಿರಾಕಿ ನಿಮ್ಮ ಅಂಗಡಿಯಲ್ಲಿ ಕೊಂಡು ಹೊರಗೆ ಹೋಗುತ್ತಾನೆ. ಹೋದವನು ಇನ್ನೂ ಏನನ್ನು ಹುಡುಕುತ್ತಾನೆ? ಹೊಸ ದಂಧೆ ಅಲ್ಲಿದೆ." ಹುಡುಗರು ಅದನ್ನು ಬರೆದುಕೊಂಡರು. ರೇವಣಸಿದ್ಧನ ಕಣ್ಣಿಗೆ ಮಾತ್ರ ಚೌಬಾರಾವೇ ಬಂದು ನಿಂತಿತು. ಮೊಮ್ಮಗುವಿನ ತೊಟ್ಟಿಲ ಶಾಸ್ತ್ರಕ್ಕೆಂದು ಖಣದ ತುಂಡು ಕೊಂಡ ಮುದುಕಿಯರು ಮೆಟ್ಟಿಲಿಳಿಯುತ್ತಾ, "ಕುಂಚಿಗಿ ಚಂದ ಹೊಲಿಯೋರು ಯಾರರೆ ಅದಾರೇನೋ ಅಪ್ಪಾ?" ಎಂದು ಕೇಳುತ್ತಿದ್ದರು. ಕೂಸಿನ ತಲೆಯಿಂದ ಬೆನ್ನ ಮೇಲೆ ಇಳಿಬೀಳುವ ಆ ಕುಂಚಿಗೆ ಹೊಲಿಯುವುದು ದರ್ಜಿಗಳಿಗೆ ಬೇಡದ ಕೆಲಸ, ಹೊಲಿಯಬಲ್ಲ ಅಜ್ಜಿಯರಿಗೆ ಕಣ್ಣು ಕಾಣುತ್ತಿರಲಿಲ್ಲ. ಇಷ್ಟು ವರ್ಷ ಅವನು "ನನಗ ಗೊತ್ತಿಲ್ಲಬೇ" ಎಂದು ಹೇಳಿ ಕಳಿಸಿದ್ದ.

ದೀಪಾವಳಿ ರಜೆಗೆ ಮುಂಚೆ ಪ್ರೊಫೆಸರರು ಎಲ್ಲರಿಗೂ ಒಂದು ಕೆಲಸ ಹಚ್ಚಿದರು. ಎಲ್ಲಿಯಾದರೂ ಕೆಲಸ ಬಿಟ್ಟುಹೋದ ಒಬ್ಬನನ್ನು ಹುಡುಕಿ, ಯಾಕೆ ಬಿಟ್ಟೆ ಎಂದು ಕೇಳಿ ಬರಬೇಕು. ಧಣಿಯನ್ನು ಕೇಳಬಾರದು, ಬಿಟ್ಟವನನ್ನೇ ಕೇಳಬೇಕು.

ಊರಿಗೆ ಬಂದ ರೇವಣಸಿದ್ಧ ಮೊದಲು ನೋಡಿದ್ದು ಅಂಗಡಿಯಲ್ಲಿ ಪರದೆ ಇಲ್ಲದ್ದನ್ನು. "ಗಿರಾಕಿಗೋಳ ಮಾರಿ ಕಾಣ್ತಿರಲಿಲ್ಲ, ತಗದ್ನಿ," ಎಂದಳು ಮಾಣಿಕಬಾಯಿ. ಹೆಣ್ಣುಮಕ್ಕಳು ಈಗ ಮೆಟ್ಟಿಲ ಮೇಲೆ ನಿಲ್ಲದೆ ಒಳಗೆ ಬಂದು ಕಾಲು ಚಾಚಿ ಕೂಡುತ್ತಿದ್ದರು. ಕಾಕಾ ಒಂದು ಮೂಲೆಯಲ್ಲಿ ಕೂತು, ಮುನಿಸಿನಿಂದಲೇ, ಅವರ ಕೂಸುಗಳನ್ನು ಆಡಿಸುತ್ತಿದ್ದರು.

ಮರುದಿನ ಅವನು ರಸ್ತೆ ದಾಟಿದ. ಹತ್ತು ಮಾರು ಅಗಲದ ರಸ್ತೆ. ಹೈದರಾಬಾದಿಗೆ ಹೋಗುವುದು ಅದಕ್ಕಿಂತ ಸುಲಭವಾಗಿತ್ತು. ದಿಗಂಬರ ಅವನನ್ನು ಕಂಡು, ಅಭ್ಯಾಸಬಲದಿಂದ, ಎದ್ದು ನಿಂತ.

"ಕೂಡು ದಾದಾ. ಒಂದು ಮಾತು ಕೇಳಲಾಕ ಬಂದೀನಿ. ನಮ್ಮ ಅಂಗಡಿ ಯಾಕ ಬಿಟ್ಟಿ?"

ದಿಗಂಬರ ಬಿಚ್ಚಿದ್ದ ಥಾನನ್ನು ಸುತ್ತಿಟ್ಟ. "ಸಣ್ಣ ಸಾವಕಾರ್ರ, ಈಗ ಕೇಳ್ತೀರಿ?"

"ಕಾಕಾನ ಮಾತಿಗಿ ಅಲ್ಲೇನು?"

"ಆ ಮಾತಿಗಿ ಸಿಟ್ಟು ಬಂತು, ಖರೇ. ನಿಮ್ಮ ಅಪ್ಪನೂ ಬೈತಿದ್ರು, ಆದ್ರ ಅಪ್ಪನಂಗ ಬೈತಿದ್ರು. ಸಂಜಿಗಿ ಚಹಾ ಕೊಟ್ಟು ಮಾತಾಡ್ಸ್ತಿದ್ರು. ನಾ ಮಗಳ ಮನಿಯಿಂದ ಬಂದು ಎಂಟು ದಿನ ಮನ್ಯಾಗ ಕುಂತಿದ್ನಿ. ನೀವು ಸೋಲಾಪುರದಿಂದ ಬಂದೀರಂತ ಗೊತ್ತಾತು. ಇವತ್ತು ಬರ್ತಾರ, ನಾಳಿ ಬರ್ತಾರ ಅಂತ ನೋಡಿದ್ನಿ. ಕೂಸು ಗಂಡೋ ಹೆಣ್ಣೋ ಅಂತ ಕೇಳಲಾಕರೆ ಬರ್ತಾರ ಅಂದ್ಕೊಂಡಿದ್ನಿ."

ರೇವಣಸಿದ್ಧ ಅವನ ಪಕ್ಕದಲ್ಲೇ ಕೂತ. ಆಮೇಲೆ ಕೇಳಿದ: "ಯಾವ ಕೂಸು, ದಾದಾ?"

"ಹೆಣ್ಮಗು. ಈಗ ಅಂಗಳ ತುಂಬ ಓಡ್ಯಾಡತದ," ಎಂದ ದಿಗಂಬರ. ಅವನ ಮೀಸೆಯ ಕೆಳಗೆ ನಗು ಬಂದಿತ್ತು.

"ತಿರುಗಿ ಬರ್ತೀಯೇನು?"

"ಇಲ್ಲರೀ. ಇವರು ನನಗ ಛಲೋ ನೋಡ್ಕೋತಾರ. ಇವರಿಗಿ ಬಿಟ್ಟು ಬಂದ್ರ, ಕಾಕಾ ನನಗ ನಿಮಕಹರಾಮ ಅಂದದ್ದು ಖರೇ ಆಗ್ತದಲ್ಲ."

ಇದನ್ನೆಲ್ಲ ರೇವಣಸಿದ್ಧ ತನ್ನ ಮುರುಕು ಇಂಗ್ಲಿಷಿನಲ್ಲಿ ಬರೆದು ಒಪ್ಪಿಸಿದ. ಪ್ರೊಫೆಸರರು ಓದಿ, ಕ್ಲಾಸು ಮುಗಿದ ಮೇಲೆ ಅವನನ್ನು ಕರೆದು, ನಿಮ್ಮ ಇಂಗ್ಲಿಷಿಗೆ ನಾನೇನೂ ಮಾಡಲಾರೆ, ಆದರೆ ಈ ಓದನ್ನು ಬಿಡಬೇಡಿ ಎಂದರು. ಎರಡೂ ಮಾತು ಖರೆಯಾದವು. ಅವನಿಗೆ ಇಷ್ಟವಾದ ಪೇಪರುಗಳಲ್ಲಿ ಒಳ್ಳೆಯ ಅಂಕ ಬಂದವು, ಇಂಗ್ಲಿಷಿನಲ್ಲಿ ನಾಪಾಸಾದ. ಊರಿಗೆ ಮುಖ ತೋರಿಸುವುದು ಹೇಗೆಂದು ಕೊರಗುತ್ತಾ ಬಂದಾಗ ಮಾಣಿಕಬಾಯಿ, "ಹೊಲದಾಗ ಒಂದು ವರ್ಷ ಬೆಳಿ ಬರದಿದ್ರ ಹೊಲಾನೇ ಬಿಡ್ತಾರೇನ್ರೀ?" ಎಂದು ಮತ್ತೆ ರೊಟ್ಟಿ ಕಟ್ಟಿದಳು. ಮುಂದಿನ ವರ್ಷ ಪಾಸಾದ. ಕೆಲವೇ ತಿಂಗಳಲ್ಲಿ ಹೈದರಾಬಾದ ರಾಜ್ಯವೇ ಒಡೆದು, ಉದಗೀರ ಮುಂಬಯಿ ರಾಜ್ಯಕ್ಕೆ ಸೇರಿತು. ಬೀದರ ಮೈಸೂರಿನ ಕಡೆಗಾಯಿತು. "ಡಿಗ್ರಿ ಒಂದು ರಾಜ್ಯದ್ದು, ಅಂಗಡಿ ಇನ್ನೊಂದು ರಾಜ್ಯದ್ದು" ಎಂದು ಅವನೇ ಹೇಳಿಕೊಂಡು ನಗುತ್ತಿದ್ದ.

ಅವನು ಪಾಸಾಗಿ ಊರಿಗೆ ಬಂದ ದಿನ ಮಾಣಿಕಬಾಯಿ ಗಾದಿಯಿಂದ ಎದ್ದಳು. ಏಳುವಾಗ ಗಾದಿಯ ಮೇಲಿನ ಸುಕ್ಕನ್ನು ಅಂಗೈಯಿಂದ ಸರಿಮಾಡಿದಳು. ಆ ಕೈಯನ್ನು ರೇವಣಸಿದ್ಧ ನೋಡಿದ. "ನೀ ಏಳಬ್ಯಾಡ, ಕೂಡು. ನನಗ ಬ್ಯಾರೆ ಕೆಲಸ ಅದ," ಎಂದ.

ಆ ಬೇರೆ ಕೆಲಸವೇ ಕುಂಚಿಗೆ. ಅಂಗಡಿಯ ಹಿಂದಿನ ಪಡಸಾಲೆಯಲ್ಲಿ ಹೊಲಿಗೆಯ ಮಶೀನುಗಳನ್ನು ಹಾಕಿ, ಹೊಲಿಯಬಲ್ಲ ಹೆಣ್ಣುಮಕ್ಕಳನ್ನು ಕೂಡಿಸಿ, ಕುಂಚಿಗೆ, ತಲೆಗೆ ಕುಲಾಯಿ, ಕೂಸಿನ ಅಂಗಿ ಮಾಡಿ ಮಾರಬೇಕು. ಹೈದರಾಬಾದಿನಿಂದ ಬರುವಾಗಲೇ ಅವನು ಎಲ್ಲ ನಿಯಮ ಬರೆದುಕೊಂಡು ಬಂದಿದ್ದ. ಎಷ್ಟು ಗಂಟೆಗೆ ಗಂಟೆ ಬಾರಿಸುವುದು, ಯಾರ ಮೇಲೆ ಯಾರು, ಎಲ್ಲ. ಗೋಡೆಗೆ ಒರಗಿ ಓದಿ ತೋರಿಸಿದ. ಮಾಣಿಕಬಾಯಿ ಪೂರ್ತಿ ಕೇಳಿದಳು.

"ರಜಾ ಕೊಡೋದು ಬರದೀರಲ್ಲ, ಅದು ಭಾಳ ಛಲೋ ಅದ. ಮ್ಯಾನೇಜರ್ ಅಂದೀರಲ್ಲ, ಅಂವಾ ಯಾರು?"

"ನಾನೇ."

"ಬಾಣಂತಿ ಕೂಸಿಗಿ ಹಾಲು ಕುಡಸಲಾಕ ನಡಬರಕ ಮನಿಗಿ ಹೋಗ್ತೀನಿ ಅಂದ್ರ ನಿಮ್ಮ ಮುಂದ ಬಂದು ಹೇಳ್ತಾಳೇನು? ನಾಚಿ ಕೆಲಸಾನೇ ಬಿಡ್ತಾಳ. ನೀವು ಮತ್ತ ಹೈದರಾಬಾದಿಗಿ ಓದಲಾಕ ಹೋಗ್ಬೇಕಾಗ್ತದ."

ರೇವಣಸಿದ್ಧನಿಗೆ ಸಿಟ್ಟು ಬಂತು. ಮೂರು ವರ್ಷ ಕಷ್ಟಪಟ್ಟು ಓದಿದವನು ತಾನು. ಎರಡು ದಿನ ಇಬ್ಬರ ನಡುವೆ ಮಾತಿಲ್ಲ. ಮೂರನೆಯ ದಿನ ಬೆಳಗ್ಗೆ ಅವನು ತನ್ನ ಪುಸ್ತಕ ತೆಗೆದು, ಕೆಲಸಕ್ಕೆ ತಕ್ಕವರನ್ನು ಆರಿಸುವ ಪಾಠವನ್ನು ಓದುತ್ತಾ ಕೂತ. ಓದುತ್ತಾ ಓದುತ್ತಾ ಅವನಿಗೇ ನಗು ಬಂತು. ಅಡಿಗೆಮನೆಗೆ ಹೋಗಿ, "ಪುಸ್ತಕದಾಗೂ ನಿನ್ನ ಹೆಸರೇ ಬರ್ಲತ್ತದ. ಮ್ಯಾನೇಜರ್ ನೀನೇ ಆಗು," ಎಂದ. "ಗಂಟಿ ಮಾತ್ರ ಇರಲಿ."

"ಗಂಟಿ ಇರಲಿ. ಹೆಣ್ಮಕ್ಕಳಿಗಿ ಮನಿಗಿ ಹೋಗೋ ಹೊತ್ತರೆ ಗೊತ್ತಾಗ್ತದ," ಎಂದಳು ಅವಳು.

ಹೀಗೆ ಆಳುಗಳ ವಿಷಯ ಅವಳದಾಯಿತು, ಮಾರುವುದು ಅವನದು. ಕುಂಚಿಗೆಯ ಗಂಟು ಹೊತ್ತು ಅವನು ನಿಲಂಗಾದ ಬಜಾರಿಗೆ ಹೋದ, ಉಮರ್ಗಾಕ್ಕೆ ಹೋದ, ಮಾಕಣಿ, ಸಾಸ್ತೂರದ ಸಂತೆಗಳಿಗೂ ಹೋದ. ಬಿ.ಕಾಂ. ಓದಿದವನು ಕುಲಾಯಿ ಮಾರುತ್ತಾನೆ ಎಂದು ಕೆಲವರು ಆಡಿಕೊಂಡರು. ಅವನು ಅವರ ಮನೆಯ ಕೂಸುಗಳ ತಲೆಯ ಅಳತೆ ಕೇಳಿ ಬರೆದುಕೊಂಡ. ಮೊದಲ ಮಳೆಗಾಲದಲ್ಲಿ ಹೊಲಿದದ್ದು ಹೊಲಿದ ಹಾಗೇ ಬಿತ್ತು, ಕಾಕಾ "ಹೇಳಿದ್ನಿಲ್ಲ?" ಎನ್ನುತ್ತ ತಿರುಗಿದರು. ಸುಗ್ಗಿ ಮುಗಿದು ತೊಟ್ಟಿಲುಗಳು ಏರತೊಡಗಿದಾಗ ಹೊಲಿದು ಪೂರೈಸಲಾಗಲಿಲ್ಲ. ನಡುವೆ ಒಬ್ಬ ಗಿರಾಕಿ ಒಳಗೆ ಬಂದಾಗ ಕಾಕಾ ಎದ್ದು, "ನಮ್ಮ ಕಾರಖಾನೇದ್ದು" ಎಂದು ಹೇಳಿ ಕುಂಚಿಗೆ ತೋರಿಸುವುದನ್ನು ಎಲ್ಲರೂ ಕೇಳಿದರು. ಯಾರೂ ನಗಲಿಲ್ಲ. ಮಾಣಿಕಬಾಯಿ ಕಣ್ಣಲ್ಲೇ ಗದರಿಸಿಟ್ಟಿದ್ದಳು.

ಮಹಾರಾಷ್ಟ್ರ ರಾಜ್ಯ ಆದ ವರ್ಷದ ಬೇಸಿಗೆ. ಊರೆಲ್ಲ ತೋರಣ ಕಟ್ಟಿ ಪೇಢೆ ಹಂಚುತ್ತಿತ್ತು. ಅಂಗಡಿಯ ಬೋರ್ಡು ಉರ್ದುವಿನಿಂದ ಮರಾಠಿಗೆ ಬಂದಿತ್ತು, ಒಳಗಿನ ಮಾತು ಕನ್ನಡದಲ್ಲೇ ಇತ್ತು. ಲಗ್ನಸರಾಯಿಯ ಮದುವೆಗಳ ಜೊತೆಗೆ ತೊಟ್ಟಿಲುಗಳ ಗಡಿಬಿಡಿಯೂ ಸೇರಿ ಮಶೀನುಗಳಿಗೆ ಬಿಡುವಿರಲಿಲ್ಲ. ಅಂಥ ಹೊತ್ತಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಹೊಲಿಯುವ ಪ್ರಯಾಗಬಾಯಿ ಬಂದು, ಉಮರ್ಗಾದಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ ಎಂದು ತಲೆ ತಗ್ಗಿಸಿ ನಿಂತಳು. ಮಾಣಿಕಬಾಯಿ ನಿಲಂಗಾದ ತವರಿಗೆ ಹೋಗಿದ್ದಳು. ಹೇಳಬೇಕಾದವನು ರೇವಣಸಿದ್ಧನೇ.

"ಹೋಗವ್ವ. ನಿಮ್ಮವ್ವ ಎದ್ದು ಕೂಡೋತನ ಬರಬ್ಯಾಡ," ಎಂದ. ಬಸ್ ಸ್ಟ್ಯಾಂಡಿಗೆ ಹೋಗುವ ಟಾಂಗಾ ತಾನೇ ಕರೆಸಿದ. ಅವಳು ಹೋದ ಮೇಲೆ ಖಾಲಿ ಮಶೀನನ್ನು ನೋಡಿದ, ಧೋತರ ಮೇಲೆತ್ತಿ, ಅದರ ಮುಂದೆ ಕೂತೇಬಿಟ್ಟ. ಪೆಡಲು ತುಳಿದ. ಸೂಜಿ ಓಡಿತು, ಬಟ್ಟೆ ಒಂದು ಕಡೆ, ಹೊಲಿಗೆ ಒಂದು ಕಡೆ. ಕುಂಚಿಗೆಯೊಂದು ತಯಾರಾಯಿತು; ಅದರ ಒಂದು ಮಗ್ಗುಲು ಕೂಸಿನ ಕಿವಿಗೂ ಇನ್ನೊಂದು ಮಗ್ಗುಲು ಮೊಣಕಾಲಿಗೂ ಬರುವಂತಿತ್ತು. ಹೆಣ್ಣುಮಕ್ಕಳು ಸೆರಗು ಬಾಯಿಗೊತ್ತಿಕೊಂಡು ತಡೆದರು, ತಡೆದರು, ಕೊನೆಗೆ ಪಡಸಾಲೆಯೇ ನಕ್ಕಿತು.

"ಸಾವಕಾರ್ರ, ಇದು ಯಾವ ಕೂಸಿಗಿರೀ?" ಎಂದು ಕೇಳಿದಳು ಕುಸುಮಬಾಯಿ ಎಂಬ ಹುಡುಗಿ, ಅವನ ಎದುರು ಹಿಂದೆಂದೂ ಬಾಯಿ ಬಿಡದಿದ್ದವಳು.

ರೇವಣಸಿದ್ಧ ಅದನ್ನು ಎತ್ತಿ ಹಿಡಿದು ಅತ್ತಿತ್ತ ತಿರುಗಿಸಿ ನೋಡಿದ. "ಹುಟ್ಟಲಿ, ಎಲ್ಲೋ ಒಂದು ಹುಟ್ಟತದ," ಎಂದು ಹೇಳಿ ಇನ್ನೊಂದು ತುಂಡಿಗೆ ಕೈ ಚಾಚಿದ. ಕುಸುಮಬಾಯಿ ಎದ್ದು ಬಂದು, ಬಟ್ಟೆಯನ್ನು ಸೂಜಿಯ ಕೆಳಗೆ ಹೇಗೆ ಹಿಡಿಯಬೇಕೆಂದು ತೋರಿಸತೊಡಗಿದಳು.