ಹಳೇ ಹಳ್ಳದ ಎಲ್ಲೆ

ಸೂಲಗಿತ್ತಿ ಗೋಬ್ನಿತ್‌ಗೆ ಎರಡು ಸೀಮೆಯೂ ಒಂದೇ ಆಗಿತ್ತು. ಔನ್‌ಬ್ರಾಕ್ ಹಳ್ಳದ ಈಚೆಗೆ ಅವಳ ಕ್ಲಾನ್‌ಡ್ರೋಮ ಸೀಮೆ, ಆಚೆಗೆ ಇವೆರಿನ್ ಸೀಮೆ. ಇಂಗ್ಲಿಷರು ಬಂದು ಇವಕ್ಕೆ ಬ್ಯಾರನಿ ಎಂದು ಹೆಸರಿಡುವ ಮೊದಲು ಇವು ಎರಡು ಕುಲಗಳ ನಾಡುಗಳು. ಇವರ ದನ ಅವರು, ಅವರ ದನ ಇವರು ಹೊಡೆದುಕೊಂಡು ಹೋಗಿ ತಲೆ ಒಡೆದುಕೊಳ್ಳುತ್ತಿದ್ದರು. ಆ ನಾಯಕರು ಮಣ್ಣಾದರು, ಅವರ ಕೋಟೆಗಳಲ್ಲಿ ಈಗ ಕಾಗೆಗಳು ಗೂಡು ಕಟ್ಟುತ್ತವೆ. ಹೊಸ ದೊರೆಗಳು ಮಾತ್ರ ಕಂದಾಯಕ್ಕೂ ಪೊಲೀಸರಿಗೂ ಅನುಕೂಲವೆಂದು ಅದೇ ಹಳೆಯ ಎಲ್ಲೆಯನ್ನು ಇಟ್ಟುಕೊಂಡರು. ಊರಿನವರು ಹಳೆಯ ಜಗಳವನ್ನು ಬಾಯಲ್ಲಿ ಇಟ್ಟುಕೊಂಡರು.

ಗೋಬ್ನಿತ್ ತನ್ನ ಒಬ್ಬಳೇ ಮಗಳು ಸೈವ್‌ಳನ್ನು ಆಚೆಗೆ ಕೊಟ್ಟಾಗ ನೆರೆಯವರು ಸುಮ್ಮನಿರಲಿಲ್ಲ.

"ಅಲ್ಲಾ ಕಣೇ, ಇವೆರಿನ್‌ನೋರ ಬೆಣ್ಣೇಲಿ ಬೆಣ್ಣೆಗಿಂತ ದನದ ಕೂದಲೇ ಜಾಸ್ತಿಯಂತೆ. ನಿನ್ ಮಗಳು ಏನು ತಿಂದು ಬದುಕ್ತಾಳೆ?"

"ನಿಮ್ಮ ಬಾಯಿಗಿಂತ ಆ ಬೆಣ್ಣೆ ವಾಸಿ," ಎಂದಿದ್ದಳು ಗೋಬ್ನಿತ್. ಹೆರಿಗೆಗೆ ಕರೆ ಬಂದರೆ ಲಂಗ ಎತ್ತಿ ಕಟ್ಟಿ ಹಳ್ಳಕ್ಕೆ ಇಳಿಯುವುದಷ್ಟೇ ಅವಳಿಗೆ ಗೊತ್ತು. ಹೊಟ್ಟೆಯೊಳಗಿನ ಕೂಸಿಗೆ ಯಾವ ಸೀಮೆ?

ಆ ಚಳಿಗಾಲದಲ್ಲಿ ಕ್ಲಾನ್‌ಡ್ರೋಮದಲ್ಲಿ ಚರ್ಚಿನ ತೆರಿಗೆ ಎತ್ತುವವನ ಮನೆಗೆ ಯಾರೋ ಬೆಂಕಿ ಹಚ್ಚಿದರು. ಸರ್ಕಾರ ಇಡೀ ಸೀಮೆಯ ಮೇಲೆ ಹಗೆ ಸಾಧಿಸಿತು. ಹೊತ್ತು ಮುಳುಗಿದ ಮೇಲೆ ಮನೆಯಿಂದ ಹೊರಗೆ ಕಂಡವರನ್ನು, ಗಂಡಾಗಲಿ ಹೆಣ್ಣಾಗಲಿ, ಹಡಗು ಹತ್ತಿಸಿ ಏಳು ವರ್ಷ ಸಮುದ್ರದ ಆಚೆಗೆ ಗಡೀಪಾರು. ಈ ಆಜ್ಞೆ ಕ್ಲಾನ್‌ಡ್ರೋಮಕ್ಕೆ ಮಾತ್ರ. ಆಚೆ ಇವೆರಿನ್‌ನಲ್ಲಿ ಮಧ್ಯರಾತ್ರಿ ಕುಣಿದರೂ ಕೇಳುವವರಿಲ್ಲ. ಪಾದ್ರಿ ಭಾನುವಾರ ಇದನ್ನು ಓದಿ ಹೇಳಿದಾಗ ಗೋಬ್ನಿತ್‌ಗೆ ಮೊದಲು ಹೊಳೆದದ್ದು ಹೆರಿಗೆಗಳ ವಿಚಾರ. ಮಕ್ಕಳು ಹೊತ್ತು ನೋಡಿ ಹುಟ್ಟುವುದಿಲ್ಲವಲ್ಲ.

ಸೈವ್‌ಗೆ ಆಗ ದಿನ ತುಂಬುತ್ತಾ ಬಂದಿತ್ತು. ಚೊಚ್ಚಲ ಬಸಿರು. ಮಗು ಒಳಗೆ ತಲೆ ಮೇಲಾಗಿ ಕೂತಿರುವುದನ್ನು ಗೋಬ್ನಿತ್ ಕೈಯಿಟ್ಟು ನೋಡಿ ಬಂದಿದ್ದಳು. ಅಂಥ ಹೆರಿಗೆ ಮಾಡಿಸುವ ಕೈ ಇವೆರಿನ್‌ನಲ್ಲಿ ಒಂದೂ ಇರಲಿಲ್ಲ. ಅವಳು ಯಾರಿಗೂ ಹೇಳಲಿಲ್ಲ, ಆದರೆ ಊಟ ಸೇರುತ್ತಿರಲಿಲ್ಲ. ಬೇಯಿಸಿದ ಆಲೂಗಡ್ಡೆ ತಟ್ಟೆಯಲ್ಲೇ ತಣ್ಣಗಾಗುತ್ತಿತ್ತು.

ಊರಿನ ಕಮ್ಮಾರನ ಹೆಂಡತಿಗೆ ನೋವು ಬಂದು ಗೋಬ್ನಿತ್ ಅವಳ ಬಳಿಯಿದ್ದ ದಿನವೇ ಅಳಿಯ ಫಿನೀನ್ ಏದುಸಿರು ಬಿಡುತ್ತಾ ಕಮ್ಮಾರನ ಬಾಗಿಲಿಗೆ ಬಂದ.

"ಅತ್ತೇ, ಶುರುವಾಗ್ಬಿಟ್ಟಿದೆ! ಈಗ್ಲೇ ಬನ್ನಿ!"

ಗೋಬ್ನಿತ್ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಹೆರುವವಳ ಮೇಲೆ ಗಂಡನ ತೋಳಿಲ್ಲದ ಕೋಟು ಹೊದಿಸಬೇಕು, ಆಗ ನೋವಿನಲ್ಲಿ ಅರ್ಧ ಅವನ ಪಾಲಿಗೆ ಹೋಗುತ್ತದೆ. ಅದು ಎರಡೂ ಸೀಮೆಯ ಪದ್ಧತಿ. ಈ ಪುಣ್ಯಾತ್ಮ ಅದನ್ನು ತೊಟ್ಟುಕೊಂಡೇ ಓಡಿಬಂದಿದ್ದ.

"ಅವಳ ಮೈಮೇಲೆ ಇರಬೇಕಾದ್ದು ನಿನ್ ಮೈಮೇಲೆ ಯಾಕಿದೆಯೋ? ನೀನು ಹೆರ್ತೀಯಾ? ಓಡು, ಹೊದಿಸು. ಇದೊಂದು ಮಗು ಈಚೆ ಬಂದ ಕೂಡ್ಲೇ ಬರ್ತೀನಿ."

"ಹೊತ್ತು ಮುಳುಗೋಕೆ ಮುಂಚೆ ಬರ್ತೀರಲ್ಲ?"

"ಬರ್ತೀನಿ ಅಂದ್ನಲ್ಲ!"

ಆದರೆ ಆ ಮಗು ಬರಲಿಲ್ಲ. ಹೆರಿಗೆ ಮುಗಿಯುವ ತನಕ ಸೂಲಗಿತ್ತಿ ಆ ಹೊಸ್ತಿಲು ದಾಟುವಂತಿಲ್ಲ. ಕಿಟಕಿಯ ಬೆಳಕು ಹಳದಿಯಾಯಿತು, ಕೆಂಪಾಯಿತು. ಗೋಬ್ನಿತ್ ಕಮ್ಮಾರನ ಹೆಂಡತಿಯ ಬೆನ್ನು ನೀವುತ್ತಾ ಬಾಯಲ್ಲಿ ಧೈರ್ಯ ಹೇಳುತ್ತಿದ್ದಳು, ಮನಸ್ಸಿನಲ್ಲಿ ಆ ಬಡಪಾಯಿಯನ್ನೇ ಶಪಿಸುತ್ತಿದ್ದಳು. ಕೊನೆಗೆ ಗಂಡು ಮಗು ಹುಟ್ಟಿತು. ಕೈ ತೊಳೆದವಳೇ ಶಾಲು ಹೊದ್ದು ಹೊರಬಿದ್ದಳು.

ಗುಡ್ಡದ ಮೇಲೆ ಸೂರ್ಯನ ಅಂಚಷ್ಟೇ ಉಳಿದಿತ್ತು. ಅವಳು ಓಡಿದಳು. ಆ ವಯಸ್ಸಿನ ಹೆಂಗಸು ಓಡಬಾರದು, ಆದರೂ ಓಡಿದಳು. ಹಳ್ಳಕ್ಕೆ ಬರುವಷ್ಟರಲ್ಲಿ ಅಂಚೂ ಮುಳುಗಿತ್ತು. ತಣ್ಣನೆಯ ನೀರಲ್ಲಿ ಮೊಣಕಾಲುದ್ದ ಇಳಿದು, ಎಡವಿ, ಸಾವರಿಸಿಕೊಂಡು ಆಚೆ ದಡ ಹತ್ತಿದಳು. ಹತ್ತಿದವಳೇ ಹುಲ್ಲಿನ ಮೇಲೆ ಕುಸಿದಳು. ಮೇರಿ ಮಾತೆ ಕಾಪಾಡಿದಳು, ದಾಟಿದೆ ಎಂದುಕೊಂಡಳು.

"ಏಯ್, ಯಾರದು?"

ಒಬ್ಬ ಹವಾಲ್ದಾರ ಅವಳ ಹಿಂದೆಯೇ ನೀರು ದಾಟಿ ಬರುತ್ತಿದ್ದ. ಅವನ ಪೇದೆಗಳು ಹಿಂದಿನ ದಡದಲ್ಲೇ ನಿಂತಿದ್ದರು.

"ಮುಸುಕು ತೆಗಿ. ಗಡ್ಡ ಇದೆಯಾ ನೋಡ್ಬೇಕು." ಲಂಗ ತೊಟ್ಟು ಮನೆ ಸುಡಲು ಹೋಗುವ ಗಂಡಸರು ಆ ವರ್ಷ ಬೇಕಾದಷ್ಟಿದ್ದರು.

"ಇದೆ ಕಣಪ್ಪಾ, ನಾಲ್ಕು ಕೂದಲು. ಹತ್ತಿರ ಬಂದು ನೋಡ್ಕೊ."

"ಹೊತ್ತು ಮುಳುಗಿದೆ ಅಮ್ಮಾ. ಕಾನೂನು ಗೊತ್ತಲ್ಲ?"

"ಅದು ನಿನ್ ದಡದ ಕಾನೂನು. ನಾನು ಹಳ್ಳ ದಾಟಾಯ್ತು."

"ಹಳ್ಳ ದಾಟಿದೀರ. ಎಲ್ಲೆ ದಾಟಿಲ್ಲ." ಮುಂದಿದ್ದ ಮರಗಳ ಸಾಲಿನತ್ತ ಅವನು ಕೈ ತೋರಿಸಿದ. ಅದರ ಬುಡದಲ್ಲಿ ಒಣಗಿದ ಹಳೆಯ ಹಳ್ಳದ ತಗ್ಗು.

ಗೋಬ್ನಿತ್‌ಗೆ ಆಗ ನೆನಪಾಯಿತು. ಎರಡು ಮಳೆಗಾಲದ ಹಿಂದೆ ಹಳ್ಳ ಉಕ್ಕಿ ದಿಕ್ಕು ಬದಲಿಸಿ ಕ್ಲಾನ್‌ಡ್ರೋಮದ ಕಡೆಗೆ ಸರಿದಿತ್ತು. ನಡುವೆ ಉಳಿದ ಈ ಹುಲ್ಲಿನ ಪಟ್ಟಿ ನಮ್ಮದೇ ಎಂದು ಕ್ಲಾನ್‌ಡ್ರೋಮದವರೆಲ್ಲ ಕಚ್ಚಾಡಿ ಗೆದ್ದಿದ್ದರು. ನೀರು ಎಲ್ಲಿಗಾದರೂ ಹೋಗಲಿ, ಎಲ್ಲೆ ಕದಲುವುದಿಲ್ಲ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವಳು ಇವಳೇ, ತನ್ನ ಮೇಕೆಯ ಮೇವಿಗಾಗಿ. ಈಗ ಆ ಮೇವಿನ ಮೇಲೇ ಸಿಕ್ಕಿಬಿದ್ದಿದ್ದಳು.

ಮರಗಳ ಆಚೆಯ ಮನೆಯಿಂದ ಸೈವ್ ಕಿರುಚಿದ್ದು ಕೇಳಿಸಿತು.

"ನನ್ ಮಗಳು. ಮಗು ಕಾಲು ಮುಂದಾಗಿ ಬರ್ತಿದೆ," ಎಂದಳು ಗೋಬ್ನಿತ್.

ಹವಾಲ್ದಾರ ಹಿಂದೆ ನಿಂತಿದ್ದ ಪೇದೆಗಳತ್ತ ತಿರುಗಿ ನೋಡಿದ. "ಹಿಂದಕ್ಕೆ ಮನೆಗೆ ಹೋಗಿ ಅಮ್ಮಾ. ನಾನು ನೋಡಲಿಲ್ಲ ಅಂತೀನಿ. ಮುಂದಕ್ಕೆ ಹೋದ್ರೆ ತಪ್ಪಿಸ್ಕೊಂಡು ಓಡಿಹೋದೋರ ಲೆಕ್ಕ. ಗುಂಡು ಹಾರಿಸ್ಬೇಕಾಗುತ್ತೆ."

ಅವಳು ಎದ್ದಳು, ಮುಂದಕ್ಕೆ ನಡೆದಳು. ಬೆನ್ನ ಹಿಂದೆ ಬಂದೂಕನ್ನು ಗುಂಡು ಹಾರಿಸಲು ಸಜ್ಜು ಮಾಡಿದ ಸದ್ದು ಸ್ಪಷ್ಟವಾಗಿ ಕೇಳಿಸಿತು. ತಿರುಗಿ ನೋಡಿದರೆ ಬಿದ್ದೇಬಿಡುತ್ತೇನೆ ಎನ್ನಿಸಿ ನೋಡಲಿಲ್ಲ. ಒಣ ತಗ್ಗಿಗೆ ಇಳಿದು, ಬೇರು ಹಿಡಿದು ಆಚೆ ಹತ್ತಿದಳು. ಗುಂಡು ಹಾರಲಿಲ್ಲ.

"ನಿಮ್ ಮುಖ ನೆನಪಲ್ಲಿಟ್ಕೊಂಡಿದೀನಿ!" ಎಂದು ಅವನು ಕೂಗಿದ. "ಈ ಕಡೆ ಮತ್ತೆ ಕಾಲಿಟ್ರೆ, ಹಗಲಾದ್ರೂ ಸರಿ, ಇವತ್ತಿನ ತಪ್ಪಿಗೆ ಹಿಡೀತೀನಿ. ಆಣೆ!"

ಗಂಡನ ಕೋಟಿನೊಳಗೆ ಸೈವ್ ಬೆವರಿ ಬಿಳಿಚಿಕೊಂಡಿದ್ದಳು. ಫಿನೀನ್ ಒಲೆಯ ಪಕ್ಕ ಹೊಟ್ಟೆ ಹಿಡಿದುಕೊಂಡು ಕೂತಿದ್ದ, ತನ್ನ ಪಾಲಿನ ನೋವು ಬಂತೋ ಏನೋ. ನೀಲಿಗಟ್ಟಿದ ಹೆಣ್ಣು ಮಗು ಹೊರಬಂತು. ಗೋಬ್ನಿತ್ ಬಾಯಿಗೆ ಬಾಯಿಟ್ಟು ಊದಿದ ಮೇಲೆ ಅತ್ತಿತು. ಆಗ ಅವಳೂ ಅತ್ತಳು.

ಅಂದಿನಿಂದ ಅವಳು ಮಗಳ ಮನೆಯಲ್ಲೇ ಉಳಿದಳು. ಮೊಮ್ಮಗಳನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತರೆ ಆಚೆ ತನ್ನ ಮನೆಯ ಹೊಗೆಯಿಲ್ಲದ ಮಾಡು ಕಾಣುತ್ತಿತ್ತು. ಅಲ್ಲಿ ಯಾರಿಗೆ ಯಾವಾಗ ದಿನ ತುಂಬುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅದೇ ಅವಳ ನಿದ್ದೆ ಕೆಡಿಸುತ್ತಿತ್ತು.

ವಸಂತ ಹುಟ್ಟುವ ಹೊತ್ತಿಗೆ ಒಂದು ಮಧ್ಯಾಹ್ನ ಕ್ಲಾನ್‌ಡ್ರೋಮದ ತೈಗ್ ಮರಗಳ ಸಾಲಿನ ಆಚೆ ಬಂದು ನಿಂತ. ಟೋಪಿ ಕೈಯಲ್ಲಿ ಹಿಸುಕುತ್ತಿದ್ದ.

"ನನ್ ಹೆಂಡ್ತಿ ನಿನ್ನೆಯಿಂದ ನೋವು ತಿಂತಿದಾಳೆ," ಎಂದ, ಅಷ್ಟೆ.

ಸೈವ್ ತಾಯಿಯ ಶಾಲು ಹಿಡಿದಳು. "ಅವ್ವಾ, ಬೇಡ. ಆ ಹವಾಲ್ದಾರ ದಿನಾ ಆ ದಡದಲ್ಲೇ ತಿರುಗ್ತಾನೆ. ಹಡಗು ಹತ್ತಿಸ್ತಾರೆ ಕಣವ್ವಾ."

"ಗೊತ್ತು."

"ಭಯ ಇಲ್ವಾ ನಿಂಗೆ?"

"ಇದೆ ಮಗಾ," ಎಂದು ಗೋಬ್ನಿತ್ ಶಾಲು ಬಿಡಿಸಿಕೊಂಡಳು.

ಹವಾಲ್ದಾರ ಅವಳನ್ನು ಹಳ್ಳದ ಹತ್ತಿರವೇ ಕಂಡ. ತಡೆಯಲಿಲ್ಲ. ತೈಗ್‌ನ ಮನೆಯವರೆಗೂ ಸ್ವಲ್ಪ ದೂರ ಬಿಟ್ಟು ಹಿಂದೆಯೇ ಬಂದು, ಅಂಗಳದ ಕಲ್ಲಿನ ಮೇಲೆ ಕೂತ. ಒಳಗಿನ ಹೆಂಗಸರು ಕಿಟಕಿಯಿಂದ ಅವನನ್ನು ನೋಡಿ ಎದೆ ಹಿಡಿದುಕೊಂಡರು. ಗೋಬ್ನಿತ್ ಆ ಕಡೆ ನೋಡಲೇ ಇಲ್ಲ.

ಸಂಜೆಯಾಯಿತು. ಮಗು ಅತ್ತ ಸದ್ದು ಹೊರಗೂ ಕೇಳಿಸಿತು. ಅವನು ಆಗಲೂ ಏಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಟೋಪಿ ತೆಗೆದು ಬಾಗಿಲು ತಟ್ಟಿದ.

"ಮುಗೀತಾ ಅಮ್ಮಾ?"

"ಮುಗೀತು. ಬಂದೆ ಇರು, ಕೈ ತೊಳ್ಕೊಳ್ತೀನಿ," ಎಂದಳು ಗೋಬ್ನಿತ್.