ಕೆಳಗೇರಿಗೆ ಕಲ್ಲು ಹೊತ್ತ ಪೈಲ್ವಾನ

ಮಿಡಿಗೇಶಿಯ ಅಡವಯ್ಯ ಬೆಳಗಿನ ಹೊತ್ತು ಗರಡಿಯಲ್ಲಿ ತೊಡೆ ತಟ್ಟಿದರೆ ಕೋಟೆ ಬಂಡೆಯ ಮೇಲಿನ ಪಾರಿವಾಳಗಳು ಎದ್ದು ಹಾರುತ್ತಿದ್ದವಂತೆ. ಮಧುಗಿರಿ, ಕೊರಟಗೆರೆ, ಪಾವಗಡದ ಕಣಗಳಲ್ಲೆಲ್ಲ ಗೆದ್ದು ಬಂದವನು. ಉಳಿದದ್ದು ಶಿರಾ ಒಂದೇ. ಅಲ್ಲಿನ ಬುಡನ್ ಸಾಬ್ ಎಂಬ ಪೈಲ್ವಾನನ ಬೆನ್ನಿಗೆ ಯಾರೂ ಮಣ್ಣು ಹತ್ತಿಸಿರಲಿಲ್ಲ. ಸಾವಿರದ ಒಂಬೈನೂರ ಮೂವತ್ತರ ಆಚೀಚೆಯ ಒಂದು ವರ್ಷ, ಶ್ರೀರಾಮನವಮಿಯ ಮಧ್ಯಾಹ್ನ ಅವರಿಬ್ಬರ ಕುಸ್ತಿ ಮಿಡಿಗೇಶಿಯಲ್ಲೇ ಎಂದು ಮಾತಾಯಿತು. ಅಂದಿನಿಂದ ಅಡವಯ್ಯನಿಗೆ ಬೇರೆ ಯೋಚನೆಯೇ ಇರಲಿಲ್ಲ. ಹೆಂಡತಿ ಚಿಕ್ಕಲಕ್ಷ್ಮಮ್ಮ ಎಮ್ಮೆ ಹಾಲನ್ನೆಲ್ಲ ಅವನಿಗೇ ಸುರಿದು, ಮನೆಯವರಿಗೆ ನೀರು ಮಜ್ಜಿಗೆ ಕೊಡುತ್ತಿದ್ದಳು.

ಶಿವರಾತ್ರಿ ಕಳೆದ ಮೇಲೆ ಒಂದು ದಿನ ಬಿಸಿಲಲ್ಲಿ ಜೋರು ಗಾಳಿ ಎದ್ದಿತು. ಕೆಳಗೇರಿಯಲ್ಲಿ ಕೂಲಿಯವರ ಹುಲ್ಲಿನ ಗುಡಿಸಲುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಯಾರದೋ ಒಲೆಯ ಕಿಡಿ ಒಂದು ಚಾವಣಿಗೆ ತಗುಲಿತು. ಅಡವಯ್ಯ ಗರಡಿಯವರನ್ನು ಕರೆದುಕೊಂಡು ಓಡಿ ಬರುವಷ್ಟರಲ್ಲಿ ಬೆಂಕಿ ಸಾಲಿನ ಕೊನೆಯವರೆಗೂ ಹಾರಿತ್ತು. ಜನ ಉಳಿದರು, ದನಕರುಗಳ ಹಗ್ಗ ಕೊಯ್ದು ಓಡಿಸಿದರು. ಮಿಕ್ಕದ್ದೆಲ್ಲ ಬೂದಿ.

ಮಾರನೆಯ ದಿನ ಅರಳಿಕಟ್ಟೆಯಲ್ಲಿ ಊರು ಸೇರಿತು. ಯಜಮಾನ ಸಂಜೀವಯ್ಯ, ಊರಿನವರೆಲ್ಲ ಒಂದೊಂದು ಹೊರೆ ಹುಲ್ಲು, ಒಂದೆರಡು ಬಿದಿರು ಕೊಡೋಣ ಎಂದರು. ಎಲ್ಲರೂ ಸರಿ ಎಂದರು. ಸರಿ ಎನ್ನದವಳು ಒಬ್ಬಳೇ, ಗುಡಿಸಲು ಕಳೆದುಕೊಂಡ ಬೊಮ್ಮಕ್ಕ. ಗಂಡ ಸತ್ತ ಮೇಲೆ ಕೂಲಿ ಮಾಡಿ ಎರಡು ಹೆಣ್ಣುಮಕ್ಕಳನ್ನು ಸಾಕುತ್ತಿದ್ದ ಹೆಂಗಸು.

"ಹುಲ್ಲು ಬ್ಯಾಡ ಕಣಪ್ಪ. ನಮ್ಮತ್ತೆ ಕಾಲದಾಗೂ ಸುಟ್ತು, ನಾನು ಸೊಸೆಯಾಗಿ ಬಂದ್ಮ್ಯಾಕೂ ಸುಟ್ತು, ಈಗ್ಲೂ ಸುಟ್ತು. ನೀವು ಕೊಡೋದು ನಮಗಲ್ಲ, ಬೆಂಕಿಗೆ" ಎಂದು ಬೆಟ್ಟದ ಕಡೆ ಕೈ ತೋರಿಸಿದಳು. "ಅಲ್ನೋಡ್ರಿ, ಎಷ್ಟು ಕಲ್ಲು ಬಿದ್ದೈತೆ! ಅದು ಸುಡ್ತದಾ?"

"ಕಲ್ಲು ಚಪ್ಪಡಿ ಹೊದಿಸಿದ ಮನೆ ದುಡ್ಡಿದ್ದೋರು ಕಟ್ಕಂಬೋದು ಕಣಮ್ಮ" ಎಂದರು ಸಂಜೀವಯ್ಯ. "ಕಲ್ಲೇನೋ ಬೆಟ್ಟ ಕೊಡ್ತದೆ. ಹೊತ್ಕಂಡು ಬರೋರು ಯಾರು?"

"ನಾವು ಹೊರ್ತೀವಿ."

ಹೇಳಿದವನು ಅಡವಯ್ಯ. ಹೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು. ಗರಡಿಯ ಜೊತೆಗಾರರು ಅವನ ಮುಖ ನೋಡಿದರು. ಅವನು ತಲೆ ಕೆರೆದುಕೊಂಡು, "ಹೊರ್ತೀವಿ ಕಣ್ರಲಾ! ದಿನಾ ಕಲ್ಲುಗುಂಡು ಎತ್ತಿ ಮತ್ತೆ ಅಲ್ಲೇ ಇಡ್ತೀವಲ್ಲ, ಅದ್ನ ಎತ್ಕಂಡು ಎಲ್ಲಿಗಾದ್ರೂ ಹೋಗಾನ" ಎಂದ. ಜನ ನಕ್ಕರು. ನಗು ನಿಲ್ಲುವ ಮೊದಲೇ ಗರಡಿಯವರೆಲ್ಲ ಎದ್ದು ನಿಂತಿದ್ದರು.

ಅಂದೇ ಅಡವಯ್ಯ ಬಲಸಮುದ್ರಕ್ಕೆ ನಡೆದು, ಪೆದ್ದಣ್ಣ ಎಂಬ ಕಲ್ಲು ಸೀಳುವವನನ್ನು ಹುಡುಕಿದ. ಕಥೆಯೆಲ್ಲ ಕೇಳಿದ ಪೆದ್ದಣ್ಣ ಪಾವಗಡದ ಕಡೆಯ ತೆಲುಗು ಬೆರೆಸಿ, "ಸರೇಲೇ ಅಡವಯ್ಯಾ, ಸೀಳೋದು ನಂದು, ಹೊರೋದು ನಿಂದು. ನಾ ಮಾಟ ಅಂಟೇ ಮಾಟ, ಕೊಟ್ಟ ಮಾತು ತಪ್ಪಲ್ಲ!" ಎಂದು ಉಳಿ ಸುತ್ತಿಗೆ ಚೀಲಕ್ಕೆ ಹಾಕಿಕೊಂಡ.

ಆಮೇಲೆ ಮಿಡಿಗೇಶಿಯ ಹಗಲೇ ಬದಲಾಯಿತು. ಒಣಗಿದ ಕೆರೆಯಂಗಳದಿಂದ ಗಾಡಿಗಾಡಿ ಮಣ್ಣು ಬಂತು. ಕೆಳಗೇರಿಯ ಹೆಂಗಸರು ಬಾವಿಯಿಂದ ನೀರು ಸುರಿದರು. ಪೈಲ್ವಾನರು ಮೊಣಕಾಲುದ್ದ ಕೆಸರಿಗೆ ಇಳಿದು, ಹೆಗಲಿಗೆ ಹೆಗಲು ಕೊಟ್ಟು ತುಳಿದರು. ಗೋಡೆ ಮೊಳದಷ್ಟು ಏಳುವುದು, ಒಣಗುವುದು, ಮತ್ತೆ ಏಳುವುದು. ಚಪ್ಪಡಿಯ ಭಾರ ತಾಳಲು ಮೂಲೆಗಳಲ್ಲಿ ಕಲ್ಲುಕಂಬ ನೆಟ್ಟರು. ಬೆಟ್ಟದ ಮೇಲೆ ಪೆದ್ದಣ್ಣ ಬಂಡೆಗೆ ಸಾಲಾಗಿ ಕುಳಿ ಕೊರೆದು, ಬೆಣೆ ಬಡಿದು, ಕಿವಿಗೊಟ್ಟು ಕೂರುತ್ತಿದ್ದ. ಟಪ್ಪೆಂದು ಬಂಡೆ ಬಿರಿದರೆ ಕೆಳಗೇರಿಯಲ್ಲಿ ಹೋ ಎಂಬ ಕೂಗು ಎದ್ದುಬಿಡುತ್ತಿತ್ತು.

ಮೇಲುಗೇರಿಯ ಕೆಲವರಿಗೆ ಇದು ಹಿಡಿಸಲಿಲ್ಲ. ನಮ್ಮ ಗರಡಿಯವರು ಹೋಗಿ ಕೆಳಗೇರಿಯ ಮಣ್ಣು ತುಳಿಯುವುದೇ ಎಂದು ಬಾವಿಕಟ್ಟೆಯಲ್ಲಿ ಗೊಣಗಿದರು. ಕೊಡ ತುಂಬುತ್ತಿದ್ದ ಚಿಕ್ಕಲಕ್ಷ್ಮಮ್ಮ ತಿರುಗಿ ನಿಂತಳು.

"ಮಣ್ಣಾಗೆ ಹೊಳ್ಳಾಡ್ಲಿ ಅಂತ ತಾನೆ ಇಷ್ಟು ದಿನ ಹಾಲು ಕುಡಿಸಿದ್ದು? ಆ ಮಣ್ಣು ಗೋಡೆ ಆದ್ರೆ ನಿಮಗ್ಯಾಕೆ ಉರಿ?"

ಗೊಣಗಿದವರ ಮಕ್ಕಳೇ ಮಾರನೆಯ ದಿನ ಕೆಸರಿಗೆ ಇಳಿದಿದ್ದರು.

ಶ್ರೀರಾಮನವಮಿಯ ಮಧ್ಯಾಹ್ನ ಬಂತು. ಬೊಮ್ಮಕ್ಕನ ಮನೆಯ ಗೋಡೆಗೆ ಮಣ್ಣಿನ ಇಳಿಜಾರು ಕಟ್ಟಿ, ಎಲ್ಲಕ್ಕಿಂತ ಉದ್ದನೆಯ ಚಪ್ಪಡಿಯನ್ನು ಹಗ್ಗದಲ್ಲಿ ಮೇಲೆಳೆಯುತ್ತಿದ್ದರು. ಆಗ ಶಿರಾ ದಾರಿಯಲ್ಲಿ ತಮಟೆ ಕೇಳಿಸಿತು. ಗಾಡಿಗಳ ಸಾಲು, ಹಿಂದೆ ದಾರಿಯ ಊರು ಹುಲಿಕುಂಟೆಯಿಂದಲೂ ಕೂಡಿಕೊಂಡ ಜನ. ಮುಂದಿನ ಗಾಡಿಯಿಂದ ಜರಿ ರುಮಾಲಿನ ಬುಡನ್ ಸಾಬ್ ಇಳಿದ.

"ಕ್ಯಾ ಪೈಲ್ವಾನ್, ಅಖಾಡ ಎಲ್ಲಿ? ಮಣ್ಣು ಅಗೆದಿಲ್ಲ, ತೋರಣ ಇಲ್ಲ. ಹೆದರ್ಕಂಬುಟ್ಯಾ?"

ಸೊಂಟದವರೆಗೆ ಕೆಸರು ಮೆತ್ತಿಕೊಂಡಿದ್ದ ಅಡವಯ್ಯ ಹಗ್ಗ ಹಿಡಿದೇ ತಿರುಗಿ ನೋಡಿದ. ಬಾಯಿ ತೆರೆದುಕೊಂಡಿತು.

"ಅಯ್ಯೋ ಶಿವನೇ! ಮರ್ತೇಬುಟ್ಟೆ ಕಣಣ್ಣ!"

ಶಿರಾದವರು ಬಿದ್ದು ಬಿದ್ದು ನಕ್ಕರು. ಆ ನಗುವಿನ ನಡುವೆಯೇ ಚಪ್ಪಡಿಗೆ ಸುತ್ತಿದ್ದ ಹಗ್ಗ ಪಟ್ಟನೆ ಹರಿಯಿತು. ಕಲ್ಲು ಇಳಿಜಾರಿನಲ್ಲಿ ಕೆಳಗೆ ಜಾರತೊಡಗಿತು. ಕೆಳಗೆ ಬೊಮ್ಮಕ್ಕನೂ ಇನ್ನಿಬ್ಬರು ಹೆಂಗಸರೂ ಮಣ್ಣಿನ ಬುಟ್ಟಿ ಹೊತ್ತು ನಿಂತಿದ್ದರು. ಅಡವಯ್ಯ ಒಂದೇ ನೆಗೆತಕ್ಕೆ ಅಡ್ಡ ಬಂದು ಕಲ್ಲಿಗೆ ಹೆಗಲು ಕೊಟ್ಟ. ಅವನ ಕಾಲು ಮಣ್ಣಿನಲ್ಲಿ ಹಿಂದಕ್ಕೆ ಕೊರೆದುಕೊಂಡು ಹೋಯಿತು. ಕುತ್ತಿಗೆಯ ನರ ಉಬ್ಬಿತು. ಇನ್ನೇನು ಬಿದ್ದ ಎನ್ನುವಾಗ ಪಕ್ಕದಲ್ಲಿ ಇನ್ನೊಂದು ಹೆಗಲು ಬಂದು ನಿಂತಿತು. ಬುಡನ್ ಸಾಬ್! ಅವನ ಜರಿ ರುಮಾಲು ಕೆಸರಿನಲ್ಲಿ ಉರುಳುತ್ತಿತ್ತು.

"ಬುಡಬ್ಯಾಡ ಪೈಲ್ವಾನ್! ಉಸಿರು ಕಟ್ಟು! ಯಾ ಅಲ್ಲಾ!"

"ಏಯ್ ಆಂಜನೇಯಾ!" ಎಂದು ಅಡವಯ್ಯ ಗುಡುಗಿದ.

ಕಲ್ಲು ನಿಂತಿತು. ಇನ್ನೊಂದು ಉಸಿರಿಗೆ ಗೇಣಷ್ಟು ಮೇಲೆ ಹೋಯಿತು. ಅಷ್ಟರಲ್ಲಿ ಎರಡೂ ಕಡೆಯವರು ಮುಗಿಬಿದ್ದಿದ್ದರು. ಶಿರಾದವರು ಯಾರು, ಮಿಡಿಗೇಶಿಯವರು ಯಾರು ಎಂದು ಗೊತ್ತಾಗದಂತೆ ಕೈಗಳು ಕಲ್ಲಿನಡಿ ತುಂಬಿಹೋದವು. ಚಪ್ಪಡಿ ಗೋಡೆಯ ಮೇಲೆ ಧಡ್ಡನೆ ಕೂತಾಗ ಎದ್ದ ಕೂಗಿಗೆ ಗಾಡಿಯ ಎತ್ತುಗಳು ಬೆದರಿ ನೊಗ ಕಿತ್ತುಕೊಂಡವು.

ಬುಡನ್ ಸಾಬ್ ಮೈ ಕೊಡವಿಕೊಂಡು, "ಇನ್ನೂ ಎಷ್ಟು ಮನೆಗೆ ಕಲ್ಲು ಏರ್ಬೇಕು?" ಎಂದು ಕೇಳಿದ.

"ಅರ್ಧ ಸಾಲು ಐತೆ."

"ಹಂಗಾದ್ರೆ ಈ ಕಡೇದು ನಮ್ದು, ಆ ಕಡೇದು ನಿಮ್ದು. ಯಾರು ಮೊದ್ಲು ಮುಗಿಸ್ತಾರೋ ನೋಡೇಬುಡಾನ!"

ಕುಸ್ತಿ ನೋಡಲು ಬಂದವರಿಗೆ ಅಂಥ ಕುಸ್ತಿ ಮತ್ತೆಂದೂ ಸಿಕ್ಕಲಿಲ್ಲ. ತಮಟೆಯವರು ಇಬ್ಬರಿಗೂ ಹುರುಪು ಏರುವಂತೆ ನಡುವೆ ನಿಂತು ಬಾರಿಸಿದರು. ಮುದುಕರು ಪಂದ್ಯ ಕಟ್ಟಿ ಕೂಗಾಡಿದರು. ಚಿಕ್ಕಲಕ್ಷ್ಮಮ್ಮ ಪಾನಕದ ಹಂಡೆ ಹೊರಿಸಿಕೊಂಡು ಬಂದು ಎರಡೂ ಪಡೆಗೆ ಬೊಗಸೆ ತುಂಬಿಸಿದಳು. ಕತ್ತಲಾಗುವ ಮೊದಲೇ ಕೆಲಸ ಮುಗಿಯಿತು. ಯಾರು ಮೊದಲು ಮುಗಿಸಿದರು ಎಂಬ ಜಗಳ ಮಾತ್ರ ಎರಡೂ ಊರಲ್ಲಿ ವರ್ಷಗಟ್ಟಲೆ ನಡೆಯಿತು.

ಚಪ್ಪಡಿಗಳ ಸಂದಿಗೆ ಸುಣ್ಣದ ಗಾರೆ ತುಂಬಿ ಒಣಗಿಸಿದ ಮೇಲೆ ಭರಣಿ ಮಳೆ ಬಂತು. ಬೊಮ್ಮಕ್ಕ ಬಾಗಿಲಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದಳು: "ಬರ್ರೋ, ಒಳಗ್ ಬಂದು ನೋಡ್ರೋ! ಒಂದ್ ಹನೀನೂ ಇಲ್ಲ!" ಅಡವಯ್ಯ ನೆನೆದುಕೊಂಡೇ ಓಡಿದ. ಮನೆಯಿಂದ ಮನೆಗೆ ಹೊಕ್ಕು ಚಾವಣಿ ನೋಡಿದ. ಒಂದು ಮನೆಯಲ್ಲಿ ಸೋರುತ್ತಿತ್ತು. ಅದನ್ನೂ ಕುಣಿಯುತ್ತಲೇ ಸರಿಮಾಡಿದ ಎನ್ನುತ್ತಾರೆ.

ಉಳಿದಿದ್ದ ಕುಸ್ತಿ ಮುಂದಿನ ವರ್ಷ ಶಿರಾದಲ್ಲಿ ನಡೆಯಿತು. ಅಡವಯ್ಯ ಸೋತ. ಬೆನ್ನಿನ ಮಣ್ಣು ಕೊಡವಿಕೊಂಡು ಎದ್ದು, "ಇವನ ಹೆಗಲು ಎಂಥಾದ್ದು ಅಂತ ನನಗೆ ಮೊದ್ಲೇ ಗೊತ್ತಿತ್ತು ಕಣ್ರಲಾ" ಎಂದು ನಗುತ್ತ ಬುಡನ್ ಸಾಬನನ್ನು ತಬ್ಬಿಕೊಂಡ.

ಅಲ್ಲಿಂದಾಚೆಗೆ ಬೇಸಿಗೆ ಬಂತೆಂದರೆ ಯಾವುದಾದರೂ ಊರಿನವರು ಗರಡಿಯ ಬಾಗಿಲಿಗೆ ಬರುತ್ತಿದ್ದರು. ಇಲ್ಲಿ ಗೋಡೆ ಕುಸಿದಿದೆ, ಅಲ್ಲಿ ಗುಡಿಸಲು ಸುಟ್ಟಿದೆ. ಅಡವಯ್ಯ ಇಲ್ಲ ಎಂದದ್ದೇ ಇಲ್ಲ. ರಾಜರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ ಅವನ ತಲೆ ಪೂರಾ ಬೆಳ್ಳಗಾಗಿತ್ತು, ಮಂಡಿ ಹಿಡಿದುಕೊಳ್ಳುತ್ತಿತ್ತು. ಆದರೂ ಹುಲಿಕುಂಟೆಯವರು ಕರೆದಾಗ ಗಾಡಿ ಹತ್ತಿದ. ಕಲ್ಲು ಮುಟ್ಟಲು ಅವರು ಬಿಡಲಿಲ್ಲ. ಅರ್ಧ ಎದ್ದ ಗೋಡೆಯೊಂದರ ಮೇಲೆ ಹತ್ತಿ ಕೂತು, ಕೋಲು ಬೀಸುತ್ತ ಕೂಗಿದ:

"ಏನ್ಲಾ, ಉಂಡಿಲ್ವಾ? ಎಲ್ಲಾ ಒಟ್ಟಿಗೆ ಹೆಗಲು ಕೊಡ್ರೋ! ಹೂಂ, ಎತ್ತು!"

ಕೆಳಗಿದ್ದವರು ಎತ್ತಿದರು.